ಬೆಲ್‌ಬಾಟಮ್ ಗೂಢಚಾರ ಮತ್ತು ನಮ್ಮ ಸ್ಕಿಟ್‌ನ ಆನೆ ಜೋಕು

ಫೆಸ್ಟ್ ಸ್ಕಿಟ್‌ಗೆ ಸಿಗೋದು ಹತ್ತು ನಿಮಿಷ. ಪಾತ್ರ ಪರಿಚಯ ಮಾಡೋಕೆ ಟೈಮ್ ಇರಲ್ಲ. ಅದಕ್ಕೇ ಎಲ್ಲರೂ ಶಾರ್ಟ್‌ಕಟ್ ಹಿಡೀತೀವಿ. ಮಾತು ಎಳೆದ್ರೆ ಮಂಗಳೂರಿನವನು, ಜೋರಾಗಿ ಕೂಗಿದ್ರೆ ಹುಬ್ಬಳ್ಳಿಯವನು, ತಲೆಗೆ ಹ್ಯಾಟು ಹಾಕಿ ಕೈಗೆ ಕೋವಿ ಕೊಟ್ರೆ ಸಕಲೇಶಪುರದವನು. ಪ್ರೇಕ್ಷಕರಿಗೆ ತಕ್ಷಣ ಗೊತ್ತಾಗತ್ತೆ, ನಗ್ತಾರೆ, ಮುಗೀತು. ಇದಕ್ಕೆ ಇಂಗ್ಲಿಷಿನಲ್ಲಿ ಸ್ಟೀರಿಯೊಟೈಪ್ ಅಂತಾರೆ. ಕನ್ನಡದಲ್ಲಿ ಅಚ್ಚು ಅಂದ್ರೆ ಸಾಕು. ಪಾಕ ಯಾವ ಗದ್ದೆ ಕಬ್ಬಿನದಾದರೂ ಅಚ್ಚಿಗೆ ಸುರಿದರೆ ಒಂದೇ ಆಕಾರದ ಬೆಲ್ಲ ಬರುತ್ತೆ. ಜನರನ್ನೂ ಹೀಗೆ ಅಚ್ಚಿಗೆ ಸುರಿಯೋದು ನಮಗೆ ಅಭ್ಯಾಸ ಆಗಿಬಿಟ್ಟಿದೆ.

ಹಾಗಾದ್ರೆ ಅಚ್ಚುಗಳ ಬಗ್ಗೆ ಕಾಮಿಡಿ ಮಾಡಲೇಬಾರದಾ? ಮಾಡಬಹುದು, ಚೆನ್ನಾಗಿಯೂ ಮಾಡಬಹುದು. ಹೇಗೆ ಅಂತ ತಿಳಿಯೋಕೆ ಒಂದು ಅಮೆರಿಕನ್ ಸಿನಿಮಾದಿಂದ ಶುರು ಮಾಡಿ ನಮ್ಮ ಬೆಟ್ಟಗಳಿಗೆ ಬರೋಣ.

1971ರಲ್ಲಿ ಅಮೆರಿಕದಲ್ಲಿ 'ಶಾಫ್ಟ್' ಅನ್ನೋ ಸಿನಿಮಾ ಬಂತು. ನಿರ್ದೇಶಕ ಗೋರ್ಡನ್ ಪಾರ್ಕ್ಸ್. ಪತ್ತೇದಾರನ ಪಾತ್ರದಲ್ಲಿ ಒಬ್ಬ ಕಪ್ಪು ನಾಯಕ. ಅಲ್ಲಿವರೆಗೆ ಹಾಲಿವುಡ್‌ನಲ್ಲಿ ಕಪ್ಪು ಜನರಿಗೆ ಹೆಚ್ಚಾಗಿ ಸಿಗ್ತಿದ್ದದ್ದು ಆಳು, ಅಡುಗೆಯವಳು, ಬಾಗಿಲು ತೆಗೆಯುವವನ ಪಾತ್ರ. ಈಗ ಅವರೇ ಹೀರೋ. ಸಿನಿಮಾ ಗೆದ್ದಿತು. ಹಿಂದೆಯೇ 'ಸೂಪರ್ ಫ್ಲೈ' (1972), 'ಕಾಫಿ' (1973), 'ಫಾಕ್ಸಿ ಬ್ರೌನ್' (1974) ಬಂದವು. ದೊಡ್ಡ ಕೂದಲು, ಚರ್ಮದ ಕೋಟು, ಅಬ್ಬರದ ಸಂಗೀತ. ಆದರೆ ಅದೇ ಸಿನಿಮಾಗಳಲ್ಲಿ ಡ್ರಗ್ಸ್ ಮಾರೋನು, ಹೆಣ್ಣು ವ್ಯಾಪಾರ ಮಾಡೋನು ಕೂಡ ಕಪ್ಪು ಜನರೇ. ಹಳೇ ಅಚ್ಚು ಒಡೆದು ಹೊಸ ಅಚ್ಚು ಮಾಡಿದ ಹಾಗಾಯ್ತು. ಕಪ್ಪು ಸಮುದಾಯದ ಒಳಗಿಂದಲೇ ವಿರೋಧ ಬಂತು. 'ಕಪ್ಪು' ಮತ್ತು 'ಶೋಷಣೆ' ಅನ್ನೋ ಎರಡು ಇಂಗ್ಲಿಷ್ ಪದ ಕೂಡಿಸಿ ಈ ಸಿನಿಮಾಗಳಿಗೆ 'ಬ್ಲ್ಯಾಕ್ಸ್‌ಪ್ಲಾಯ್ಟೇಶನ್' ಅಂತ ಹೆಸರಿಟ್ಟರು.

ಮೂವತ್ತು ವರ್ಷದ ನಂತರ, 2002ರಲ್ಲಿ, ಇದನ್ನೆಲ್ಲ ಅಣಕಿಸುವ ಗೂಢಚಾರ ಕಾಮಿಡಿ 'ಅಂಡರ್‌ಕವರ್ ಬ್ರದರ್' ಬಂತು. ಜಾನ್ ರಿಡ್ಲಿಯ ಇಂಟರ್ನೆಟ್ ಕಾರ್ಟೂನ್ ಸರಣಿ ಅದರ ಮೂಲ, ನಿರ್ದೇಶಕ ಮಾಲ್ಕಮ್ ಡಿ. ಲೀ, ನಾಯಕ ಎಡ್ಡಿ ಗ್ರಿಫಿನ್. ನಾಯಕ 2002ರಲ್ಲಿದ್ದರೂ ಬಟ್ಟೆ 1970ರದು. ಕಾರು ಗಿರಗಿರ ತಿರುಗಿದರೂ ಕೈಯಲ್ಲಿರೋ ಸೋಡಾ ಚೆಲ್ಲಲ್ಲ. ಬಾಂಡ್‌ನ ವಾಚಿನಲ್ಲಿ ಲೇಸರ್ ಇದ್ದರೆ ಇವನ ವಾಚಿನಲ್ಲಿ ಖಾರದ ಸಾಸ್ ಇದೆ. ಯಾಕಂದ್ರೆ ಬಿಳಿಯರ ಆಫೀಸಿಗೆ ವೇಷ ಮರೆಸಿಕೊಂಡು ಹೋದಾಗ ಸಪ್ಪೆ ಮೇಯೊನೀಸ್ ಸ್ಯಾಂಡ್‌ವಿಚ್ ತಿನ್ನಬೇಕಲ್ಲ!

ಮುಖ್ಯವಾದದ್ದು ವಿಲನ್‌ನ ಪ್ಲಾನು. ಒಬ್ಬ ಗೌರವಸ್ಥ ಕಪ್ಪು ಸೇನಾಧಿಕಾರಿ ಅಮೆರಿಕದ ಅಧ್ಯಕ್ಷನಾಗಲು ಹೊರಟಿರ್ತಾನೆ. ವಿಲನ್ ಅವನನ್ನ ಕೊಲ್ಲಲ್ಲ. ಮನಸ್ಸು ಕೆಡಿಸುವ ಔಷಧಿ ಕೊಡ್ತಾನೆ. ಚುನಾವಣೆಗೆ ನಿಲ್ಲಬೇಕಿದ್ದವನು ಪತ್ರಕರ್ತರ ಮುಂದೆ ಬಂದು, ಫ್ರೈಡ್ ಚಿಕನ್ ಅಂಗಡಿ ತೆರೀತೀನಿ ಅಂತ ಘೋಷಿಸ್ತಾನೆ. ಕಪ್ಪು ಜನ ಅಂದ್ರೆ ಫ್ರೈಡ್ ಚಿಕನ್ ಅನ್ನೋದು ಅಲ್ಲಿನ ಹಳೇ ಅವಮಾನದ ಮಾತು. ಅಂದರೆ ಈ ಕಥೆಯಲ್ಲಿ ವಿಲನ್‌ನ ಆಯುಧ ಬಾಂಬ್ ಅಲ್ಲ, ಅಚ್ಚು. ಒಬ್ಬ ಮನುಷ್ಯನನ್ನ ಅಚ್ಚಿನೊಳಗೆ ತುರುಕಿಬಿಟ್ಟರೆ ಸಾಕು, ಅವನು ಮುಂದೆ ಏನೂ ಆಗಲಾರ. ಇನ್ನೊಂದು ಕಡೆ, ಕಪ್ಪು ಜನರ ಗುಪ್ತ ಸಂಸ್ಥೆಯಲ್ಲಿ ಒಬ್ಬನೇ ಬಿಳಿಯ ಹುಡುಗ ಇರ್ತಾನೆ. ಅವನಿಗೆ ಕೆಲಸ ಸಿಕ್ಕಿದ್ದು ಅಲ್ಲಿನ ಮೀಸಲಾತಿ ಥರದ ನಿಯಮದಿಂದ! ಹಾಸ್ಟೆಲ್‌ನಲ್ಲಿ ಸಿಇಟಿ ಕೆಟಗರಿ ಜೋಕು ಹೊಡೆಯುವವರು ಈ ಒಂದು ದೃಶ್ಯ ನೋಡಬೇಕು. ಅದೇ ಜೋಕು, ದಿಕ್ಕು ಮಾತ್ರ ಉಲ್ಟಾ.

ಕನ್ನಡಕ್ಕೆ ಬರೋಣ. ನಮಗೂ ಗೂಢಚಾರ ಇದ್ದ. 1968ರ 'ಜೇಡರ ಬಲೆ'ಯಲ್ಲಿ ಡಾ. ರಾಜ್‌ಕುಮಾರ್ ಸಿಐಡಿ 999 ಆಗಿ ಬಂದ್ರು. ನಿರ್ದೇಶಕರು ದೊರೈ-ಭಗವಾನ್. ಅದೇ ವರ್ಷ 'ಗೋವಾದಲ್ಲಿ ಸಿಐಡಿ 999', 1969ರಲ್ಲಿ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999', 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್'. ನಾವು ಗ್ರೂಪಲ್ಲಿ ಫಾರ್ವರ್ಡ್ ಮಾಡೋ ಅಣ್ಣಾವ್ರ ಇಂಗ್ಲಿಷ್ ಹಾಡು ಈ ಕೊನೇ ಸಿನಿಮಾದ್ದೇ. ಅವತ್ತಿನವರೆಗೆ ಪುರಾಣ, ಇತಿಹಾಸದ ಪಾತ್ರಗಳಲ್ಲಿ ನೋಡಿದ್ದ ನಟ ಸೂಟು ಹಾಕಿ, ಪಿಸ್ತೂಲು ಹಿಡಿದು ನಿಂತಾಗ, ಬಾಂಡ್ ಕನ್ನಡ ಮಾತಾಡಬಲ್ಲ ಅಂತ ಜನರಿಗೆ ಅನ್ನಿಸಿತು. 'ಶಾಫ್ಟ್' ಕಪ್ಪು ಪ್ರೇಕ್ಷಕರಿಗೆ ಕೊಟ್ಟದ್ದೂ ಇಂಥದ್ದೇ ಖುಷಿ: ನಮ್ಮೋನೂ ಹೀರೋ.

ಆ ಕಾಲವನ್ನ ಪ್ರೀತಿಯಿಂದ ಅಣಕಿಸಿದ್ದು 2019ರ 'ಬೆಲ್ ಬಾಟಂ'. ಜಯತೀರ್ಥ ನಿರ್ದೇಶನ, ಟಿ.ಕೆ. ದಯಾನಂದ್ ಕಥೆ, ರಿಷಬ್ ಶೆಟ್ಟಿ ಡಿಟೆಕ್ಟಿವ್ ದಿವಾಕರ. ಎಂಬತ್ತರ ದಶಕದ ಕಥೆ, ಕಳ್ಳತನ ಆಗೋದು ಪೊಲೀಸ್ ಠಾಣೆಗಳಲ್ಲೇ! ಆದರೆ ಇಲ್ಲಿ ಮುಖ್ಯವಾಗಿ ಅಣಕಕ್ಕೆ ಸಿಕ್ಕಿದ್ದು ಪತ್ತೇದಾರನ ಗತ್ತು, ಕೂದಲು, ಪ್ಯಾಂಟು. ಜನರ ಬಗೆಗಿನ ಅಚ್ಚುಗಳನ್ನ ಅಣಕಿಸುವ ಗೂಢಚಾರ ಕಾಮಿಡಿ ಕನ್ನಡದಲ್ಲಿ ಇನ್ನೂ ಬರಬೇಕು.

ಅದನ್ನ ನಮ್ಮ ಸಕಲೇಶಪುರ, ಆಲೂರು ಬೆಟ್ಟಗಳಲ್ಲಿ ಮಾಡಬಹುದು. ಜಾಗ ಹೇಳಿ ಮಾಡಿಸಿದ ಹಾಗಿದೆ. 1792ರಲ್ಲಿ ಟಿಪ್ಪು ಕಟ್ಟಿಸಿದ ನಕ್ಷತ್ರಾಕಾರದ ಮಂಜರಾಬಾದ್ ಕೋಟೆ, ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 57 ಸುರಂಗ, 109 ಸೇತುವೆ ಇರೋ ರೈಲು ದಾರಿ, ಎದುರಿಗಿರೋನೂ ಕಾಣದಷ್ಟು ಮಂಜು. ವಿಲನ್‌ಗೆ ಇನ್ನೇನು ಬೇಕು?

ಅಚ್ಚುಗಳೂ ರೆಡಿ ಇವೆ. ಈ ಕಡೆಯಿಂದ ಬಂದೋರಿಗೆ ಕ್ಯಾಂಪಸ್ಸಲ್ಲಿ ಕೇಳೋ ಪ್ರಶ್ನೆ ಮೂರೇ. ಎಷ್ಟು ಎಕರೆ ತೋಟ? ಹೋಮ್‌ಸ್ಟೇ ಇದೆಯಾ? ಮನೆಗೆ ಆನೆ ಬರತ್ತಾ? ಎಲ್ಲರೂ ಎಸ್ಟೇಟ್ ಓನರ್ ಮಕ್ಕಳಲ್ಲ. ಆಲೂರು ಕಡೆ ಸ್ವಲ್ಪ ಗದ್ದೆ, ಸ್ವಲ್ಪ ಶುಂಠಿ, ಬೇರೆಯವರ ತೋಟದಲ್ಲಿ ಕೂಲಿ ಅಂತ ಬದುಕೋ ಮನೆಗಳೇ ಬೇಕಾದಷ್ಟಿವೆ. ಆನೆ ಪ್ರಶ್ನೆಯಂತೂ ತಮಾಷೆಯದೇ ಅಲ್ಲ. ಬೆಳಗ್ಗೆ ತೋಟಕ್ಕೆ ಹೋದ ಆಳು ವಾಪಸ್ ಬರದೇ ಇರೋ ಸುದ್ದಿ ಇಲ್ಲಿ ಆಗಾಗ ಬರತ್ತೆ. ದಸರಾ ಅಂಬಾರಿ ಹೊತ್ತ ಅರ್ಜುನ ಸತ್ತದ್ದೂ 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಭಾಗದಲ್ಲಿ, ಕಾಡಾನೆ ಹಿಡಿಯೋ ಕಾರ್ಯಾಚರಣೆಯಲ್ಲಿ. 'ಆನೆ ಬಂತು ಓಡ್ರೋ' ಅನ್ನೋ ಜೋಕಿಗೆ ಹಾಲ್ ಪೂರ್ತಿ ನಗುವಾಗ, ಯಾವುದೋ ಸಾಲಿನಲ್ಲಿ ಒಬ್ಬರು ನಗ್ತಾ ಇರಲ್ಲ.

ಇದನ್ನೇ 'ಅಂಡರ್‌ಕವರ್ ಬ್ರದರ್' ರೀತಿ ತಿರುಗಿಸಿ ನೋಡಿ. ವಿಲನ್ ಒಬ್ಬ ರೆಸಾರ್ಟ್ ಕುಳ. ಊರಿನ ಕಾಫಿಗೆ ಔಷಧಿ ಬೆರೆಸ್ತಾನೆ. ಕುಡಿದ ಪ್ರತಿಯೊಬ್ಬರೂ ಟೂರಿಸ್ಟ್‌ಗಳು ಅಂದುಕೊಂಡ ಹಾಗೇ ಆಗಿಬಿಡ್ತಾರೆ. ಗ್ರಾಮ ಪಂಚಾಯ್ತಿ ಸದಸ್ಯೆ, ಸ್ಕೂಲ್ ಮೇಷ್ಟ್ರು, ಲೈನ್‌ಮ್ಯಾನ್, ಎಲ್ಲರೂ ಹ್ಯಾಟು ಹಾಕಿ ಕೋವಿ ಹಿಡಿದು ಫೋಟೋಗೆ ನಿಲ್ತಾರೆ. ಟ್ರಾನ್ಸ್‌ಫಾರ್ಮರ್ ಸುಟ್ಟು ಮೂರು ದಿನ ಆದ್ರೂ ಸರಿ ಮಾಡೋರಿಲ್ಲ. ಬೆಂಗಳೂರಿಂದ ಬಂದ ಗೂಢಚಾರನ ಡ್ರೋನು ಮಂಜಲ್ಲಿ ಕಳೆದುಹೋಗತ್ತೆ. ಕಾಲಿಗೆ ಇಂಬಳ ಹತ್ತಿದಾಗ ಅವನನ್ನ ಕಾಪಾಡೋದು ತೋಟದ ಹೆಂಗಸಿನ ಮಡಿಲಲ್ಲಿರೋ ಹೊಗೆಸೊಪ್ಪು, ಸುಣ್ಣದ ಪೊಟ್ಟಣ. ಇಲ್ಲೂ ಹ್ಯಾಟು, ಕೋವಿ ಎಲ್ಲಾ ಇದೆ. ಆದರೆ ನಗು ಬೀಳೋದು ಹ್ಯಾಟು ಹಾಕಿದೋರ ಮೇಲಲ್ಲ, ಹಾಗೆ ಅಂದುಕೊಂಡೋರ ಮೇಲೆ.

ಅಣಕಕ್ಕೂ ಅವಮಾನಕ್ಕೂ ಇರೋ ವ್ಯತ್ಯಾಸ ಇಷ್ಟೇ. ನಗು ಅಚ್ಚಿನ ಮೇಲೆ ಬಿದ್ದರೆ ಅಣಕ. ಅಚ್ಚಿನೊಳಗೆ ಸಿಕ್ಕಿಕೊಂಡ ಮನುಷ್ಯನ ಮೇಲೆ ಬಿದ್ದರೆ ಅವಮಾನ.

ಈ ಅಳತೆ ಬೇರೆಯವರಿಗಷ್ಟೇ ಅಲ್ಲ, ಬೆಟ್ಟದ ಕಡೆಯ ನಮಗೂ ಅನ್ವಯಿಸತ್ತೆ. ತೋಟಗಳಿಗೆ ಈಗ ಅಸ್ಸಾಂ ಕಡೆಯಿಂದ ಕೆಲಸಕ್ಕೆ ಬರ್ತಾರೆ. ಅವರ ಮುರುಕು ಕನ್ನಡ ನಮ್ಮೂರ ಸ್ಟೇಜುಗಳಲ್ಲಿ ಸಲೀಸಾಗಿ ನಗು ತರಿಸತ್ತೆ. ಅವರ ಪೈಕಿ ಯಾರೂ ಸ್ಕ್ರಿಪ್ಟ್ ಬರೆಯೋ ಕಡೆ ಕೂತಿಲ್ಲ. ಹಾಗೇ ಹಳೇ ಸಿನಿಮಾಗಳ ಥರ ಮೈಗೆ ಮಸಿ ಬಳಿದು 'ಕಾಡುಜನ' ಮಾಡೋ ಡ್ಯಾನ್ಸು. ಆಫ್ರಿಕಾ ಮೂಲದ ಸಿದ್ದಿ ಜನ ನಮ್ಮದೇ ಉತ್ತರ ಕನ್ನಡದಲ್ಲಿ, ಯಲ್ಲಾಪುರ, ಹಳಿಯಾಳ, ಮುಂಡಗೋಡು ಕಡೆ ತಲೆಮಾರುಗಳಿಂದ ಇದ್ದಾರೆ. ಪ್ರಶಾಂತ್ ಸಿದ್ದಿ ಕನ್ನಡ ಸಿನಿಮಾದಲ್ಲಿ ನಟ. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ ಸದಸ್ಯರಾದರು. ಮಸಿ ಬಳಿಯೋ ಮೊದಲು, ಅವರಲ್ಲೊಬ್ಬರು ಮುಂದಿನ ಸಾಲಲ್ಲಿ ಕೂತಿದ್ದಾರೆ ಅಂದುಕೊಂಡರೆ ಸಾಕು.

ರಾಜ್ಯೋತ್ಸವದ ಸ್ಕಿಟ್‌ಗೆ ಈ ಸಲ ಸ್ಕ್ರಿಪ್ಟ್ ಕೊಡುವವರಿಗೆ ನಮ್ಮ ಕೋರಿಕೆ ಒಂದೇ. ಜೋಕು ಬರೆದ ಮೇಲೆ, ಅದು ಯಾರ ಬಗ್ಗೆಯೋ ಆ ಊರಿನ ಒಬ್ಬರಿಗೆ ಮೊದಲು ಓದಿ ತೋರಿಸಿ. ಅವರು ನಕ್ಕು, ಇನ್ನೊಂದು ಜೋಕು ಸೇರಿಸಿದರೆ ಸ್ಟೇಜಿಗೆ ತನ್ನಿ. ಸುಮ್ಮನಾದರೆ ಬೇರೆ ಬರೀರಿ, ಹತ್ತು ನಿಮಿಷ ತುಂಬೋದೇನು ಕಷ್ಟ ಅಲ್ಲ. ಅಂದಹಾಗೆ, ಔಷಧಿ ಬೆರೆಸಿದ ಕಾಫಿಯ ಕಥೆ ಯಾರಿಗೆ ಬೇಕಾದರೂ ಫ್ರೀ. ಹ್ಯಾಟು ಮಾತ್ರ ನೀವೇ ತರಬೇಕು, ನಮ್ಮ ಮನೇಲಿ ಯಾರ ಹತ್ರಾನೂ ಇಲ್ಲ.