ಹೊಯಿಗೆ ಕಡಲು ದಾಟಿತು!

ಸ್ಲೇಟಿಲ್ಲ. ಪುಸ್ತಕವಿಲ್ಲ. ಬೆಂಚಂತೂ ಇಲ್ಲವೇ ಇಲ್ಲ! ಒಂದೇ ಚಾವಡಿ, ಒಬ್ಬರೇ ಐಗಳು, ಅಂದರೆ ಮೇಷ್ಟರು. ಹಾಗಾದರೆ ಹಿಂದಿನ ಕಾಲದಲ್ಲಿ ಉಡುಪಿ, ಕಾಪು, ಕಾರ್ಕಳದ ಹಳ್ಳಿಗಳ ಐಗಳ ಮಠದಲ್ಲಿ, ಅಂದರೆ ಊರಶಾಲೆಯಲ್ಲಿ, ಮಕ್ಕಳು ಅಕ್ಷರ ಬರೆದದ್ದು ಯಾವುದರ ಮೇಲೆ? ಹೇಳಿ ನೋಡೋಣ!

ಹೊಯಿಗೆಯ ಮೇಲೆ! ಹೌದು, ಬರೀ ಹೊಯಿಗೆ, ಅಂದರೆ ಮರಳು!

ನೆಲಕ್ಕೆ ನಯವಾದ ಹೊಯಿಗೆ ಹರಡಿ, ಮಗುವಿನ ತೋರುಬೆರಳು ಹಿಡಿದು ಐಗಳು ತಿದ್ದಿಸುತ್ತಿದ್ದರು. ಬೆರಳ ತುದಿ ಉರಿದರೂ ಬಿಡುವಂತಿಲ್ಲ! ತಪ್ಪಾಯಿತೇ? ಅಂಗೈಯಲ್ಲಿ ಒಮ್ಮೆ ಸವರಿದರೆ ಹೊಸ ಪಾಟಿ ಸಿದ್ಧ! ಕೈ ಕುದುರಿದ ಮೇಲಷ್ಟೇ ತಾಳೆಗರಿ. ಕಬ್ಬಿಣದ ಕಂಟದಿಂದ ಗೀರಬೇಕು. ಗೀರಿದ್ದು ಕಣ್ಣಿಗೇ ಕಾಣದು. ಮೇಲೆ ಮಸಿ ತಿಕ್ಕಿ ಒರೆಸಿದರೆ, ಆಹಾ! ಸಾಲು ಸಾಲು ಅಕ್ಷರ ಕಪ್ಪಗೆ ಎದ್ದು ಬರುತ್ತದೆ!

ಇನ್ನು ಮಗ್ಗಿ. ಎರಡರದ್ದು, ಮೂರರದ್ದು ಮಾತ್ರವಲ್ಲ. ಕಾಲು, ಅರೆ, ಮುಕ್ಕಾಲಿನದ್ದೂ ಬಾಯಿಪಾಠ! ದೊಡ್ಡ ಹುಡುಗ ಹೇಳಿಕೊಡಬೇಕು, ಚಿಕ್ಕವರು ಒಕ್ಕೊರಲಲ್ಲಿ ಒಪ್ಪಿಸಬೇಕು. ಐಗಳಿಗೆ ಸಂಭಾವನೆ? ಅಕ್ಕಿ, ತೆಂಗಿನಕಾಯಿ!

ಆ ಚಾವಡಿಯ ಮೆಟ್ಟಿಲು ಹತ್ತುವ ಭಾಗ್ಯ ಎಲ್ಲ ಜಾತಿಯ ಮಕ್ಕಳಿಗೆ ಇರಲಿಲ್ಲ, ಹೆಣ್ಣುಮಕ್ಕಳಿಗಂತೂ ಅಪರೂಪ. ನೆನೆದರೆ ಸಂಕಟವಾಗುತ್ತದೆ.

ಆದರೆ ಈ ಹೊಯಿಗೆ ಎಲ್ಲಿಯವರೆಗೆ ಹೋಯಿತು ಗೊತ್ತೇ? ಮಂಗಳೂರಿಗೆ? ಅಲ್ಲ. ಇನ್ನೂ ದೂರ!

ಹದಿನೆಂಟನೇ ಶತಮಾನದ ಕೊನೆಯ ಭಾಗ. ಮದರಾಸು. ಸೈನಿಕರ ಅನಾಥ ಮಕ್ಕಳ ಶಾಲೆ ನಡೆಸುತ್ತಿದ್ದ ಪಾದ್ರಿ ಆಂಡ್ರ್ಯೂ ಬೆಲ್, ದಾರಿಯಲ್ಲಿ ಇಂಥದ್ದೇ ಒಂದು ಊರಶಾಲೆ ಕಂಡ. ಮಕ್ಕಳು ನೆಲದಲ್ಲಿ ಕೂತು ಮರಳಲ್ಲಿ ಬರೆಯುತ್ತಿದ್ದಾರೆ! ಸಿಕ್ಕಿತು ಉಪಾಯ! ತನ್ನ ಶಾಲೆಗೂ ಮರಳು ತಂದ. ಮೇಷ್ಟರು ಒಲ್ಲೆ ಎಂದಾಗ ಒಬ್ಬ ವಿದ್ಯಾರ್ಥಿಯನ್ನೇ ಗುರು ಮಾಡಿದ. ಅವನ ವಯಸ್ಸೆಷ್ಟಿರಬಹುದು? ಹದಿನೆಂಟೇ? ಹದಿನಾಲ್ಕೇ?

8! ಎಂಟು ವರ್ಷದ ಪೋರ ಜಾನ್ ಫ್ರಿಸ್ಕೆನ್!

1797ರಲ್ಲಿ ಬೆಲ್ ಈ ಪ್ರಯೋಗದ ವರದಿಯನ್ನು ಲಂಡನ್ನಿನಲ್ಲಿ ಅಚ್ಚು ಹಾಕಿಸಿದ. ಮುಂದೆ ಇಂಗ್ಲೆಂಡಿನ ಸಾವಿರಾರು ಶಾಲೆಗಳಲ್ಲಿ ಮಕ್ಕಳೇ ಮಕ್ಕಳಿಗೆ ಕಲಿಸಿದರು. ಬಡಮಕ್ಕಳು ಮರಳ ತಟ್ಟೆಯಲ್ಲಿ ಎ, ಬಿ, ಸಿ ತಿದ್ದಿದರು! 1832ರಲ್ಲಿ ತೀರಿಕೊಂಡ ಬೆಲ್‌ನ ಸಮಾಧಿ ಇರುವುದು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ!

ಇನ್ನೊಂದು ಬೆರಗು ಬಾಕಿಯಿದೆ. 1822ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ ಊರಶಾಲೆಗಳ ಲೆಕ್ಕ ಕೇಳಿದ. ಈತ ಹಿಂದೆ ನಮ್ಮ ಕೆನರಾಕ್ಕೇ ಕಲೆಕ್ಟರ್ ಆಗಿದ್ದವನು! ಇಡೀ ಪ್ರಾಂತ್ಯದಲ್ಲಿ ಸಿಕ್ಕಿದ ಶಾಲೆಗಳು 12,498. ಅದರಲ್ಲಿ ಉಡುಪಿ ಸೇರಿದ್ದ ಕೆನರಾದ ಪಾಲೆಷ್ಟು?

ಅಂಕಿಯೇ ಇಲ್ಲ! ಇಲ್ಲಿ ಕಲಿಕೆ ಖಾಸಗಿಯಾಗಿ, ಮನೆಗಳಲ್ಲೇ ನಡೆಯುತ್ತದೆಂದು ಕಲೆಕ್ಟರ್ ನಮೂನೆ ತುಂಬಿಸಲೇ ಇಲ್ಲ. ಸರ್ಕಾರದ ಕಣ್ಣಿಗೆ ನಮ್ಮ ಐಗಳು ಬೀಳಲೇ ಇಲ್ಲ!