ಕಾಲವೂ ಒಂದು ವೆಚ್ಚ: ಹಳೆಯ ಸಿಂಗಲ್ ಮಾಲ್ಟ್ ಕಲಿಸುವ ದಾಸ್ತಾನಿನ ಲೆಕ್ಕ

ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ ಸಂಸ್ಥೆಯು 2013ರಲ್ಲಿ ‘ಗ್ರೀಡಿ ಏಂಜಲ್ಸ್’ ಎಂಬ, ಎಂಟು ವರ್ಷ ಮಾಗಿದ ಸಿಂಗಲ್ ಮಾಲ್ಟ್ ವಿಸ್ಕಿಯನ್ನು ಬಿಡುಗಡೆ ಮಾಡಿತು. ತಯಾರಾದದ್ದು 144 ಬಾಟಲಿಗಳು ಮಾತ್ರ. ಇಂತಹ ಸರಕಿನ ಬೆಲೆ ಏಕೆ ದುಬಾರಿ ಎಂಬ ಪ್ರಶ್ನೆಗೆ ‘ಹೆಸರಿನ ಬಲ’ ಎಂಬುದು ಅರ್ಧ ಉತ್ತರವಷ್ಟೇ. ಉಳಿದರ್ಧವು ದಾಸ್ತಾನಿನ ಲೆಕ್ಕದಲ್ಲಿದೆ. ಸರಕನ್ನು ದೀರ್ಘಕಾಲ ಇಟ್ಟು ಮಾರುವ ಪ್ರತಿಯೊಬ್ಬ ವರ್ತಕರೂ ಇದನ್ನು ಅರಿಯುವುದು ಒಳಿತು.

ಸಿಂಗಲ್ ಮಾಲ್ಟ್ ಎಂದರೇನು?

ಮೊಳಕೆ ಬರಿಸಿದ ಬಾರ್ಲಿಯಿಂದ ಒಂದೇ ಭಟ್ಟಿಯಲ್ಲಿ ತಯಾರಾದ ವಿಸ್ಕಿಯೇ ಸಿಂಗಲ್ ಮಾಲ್ಟ್. ಸ್ಕಾಚ್ ಎನಿಸಿಕೊಳ್ಳಬೇಕಾದರೆ ಅದು ಸ್ಕಾಟ್ಲೆಂಡಿನಲ್ಲಿಯೇ ಓಕ್ ಮರದ ಪೀಪಾಯಿಗಳಲ್ಲಿ ಕನಿಷ್ಠ 3 ವರ್ಷ ಮಾಗಿರಬೇಕು. ಬಾಟಲಿಯ ಮೇಲೆ ‘12 ವರ್ಷ’ ಎಂದಿದ್ದರೆ, ಅದರಲ್ಲಿ ಸೇರಿದ ಅತ್ಯಂತ ಕಿರಿಯ ವಿಸ್ಕಿಗೂ ಅಷ್ಟು ವಯಸ್ಸಾಗಿರಬೇಕು. ಆದರೆ ‘ಸ್ಮಾಲ್ ಬ್ಯಾಚ್’ ಎಂಬ ಪದಕ್ಕೆ ಸ್ಕಾಚ್ ನಿಯಮಗಳಲ್ಲಿ ವ್ಯಾಖ್ಯೆ ಇಲ್ಲ. ಎಷ್ಟು ಪೀಪಾಯಿ ಎಂಬುದು ತಯಾರಕರ ನಿರ್ಧಾರ.

ದೇವತೆಗಳ ಪಾಲು

ಮರದ ಪೀಪಾಯಿಯಿಂದ ಪ್ರತಿವರ್ಷ ಸ್ವಲ್ಪ ಮದ್ಯ ಆವಿಯಾಗಿ ಹೋಗುತ್ತದೆ. ಇದನ್ನು ಆ ಉದ್ಯಮದವರು ‘ದೇವತೆಗಳ ಪಾಲು’ ಎನ್ನುತ್ತಾರೆ. ಸ್ಕಾಟ್ಲೆಂಡಿನ ತಂಪಿನಲ್ಲಿ ಇದು ವರ್ಷಕ್ಕೆ ಸುಮಾರು ಶೇ. 2, ಬೆಂಗಳೂರಿನ ಹವೆಯಲ್ಲಿ ಶೇ. 10ಕ್ಕೂ ಹೆಚ್ಚು. ‘ದುರಾಸೆಯ ದೇವತೆಗಳು’ ಎಂಬ ಅರ್ಥದ ಹೆಸರನ್ನು ಆ ವಿಸ್ಕಿಗೆ ಇಟ್ಟದ್ದು ಈ ಕಾರಣದಿಂದಲೇ. ನಮ್ಮಲ್ಲಿ ಮಾಗುವಿಕೆ ಬೇಗ, ನಷ್ಟವೂ ಬೇಗ.

ಉದಾಹರಣೆಗೆ, ಲೀಟರಿಗೆ ರೂ. 100 ವೆಚ್ಚದ 100 ಲೀಟರ್ ಸರಕನ್ನು ಎಂಟು ವರ್ಷ ಇಟ್ಟೆವೆಂದು ಭಾವಿಸೋಣ. ವರ್ಷಕ್ಕೆ ಶೇ. 10ರಷ್ಟು ಆವಿಯಾದರೆ ಕೊನೆಗೆ ಉಳಿಯುವುದು ಸುಮಾರು 43 ಲೀಟರ್. ಅಸಲು ರೂ. 10,000 ಅನ್ನು ಈ 43 ಲೀಟರಿಗೆ ಹಂಚಿದರೆ ಲೀಟರಿಗೆ ರೂ. 232 ಆಗುತ್ತದೆ. ಶೇ. 10ರ ಚಕ್ರಬಡ್ಡಿ ಸೇರಿಸಿದರೆ ಒಟ್ಟು ಹೂಡಿಕೆ ರೂ. 21,436; ಲೀಟರಿಗೆ ಸುಮಾರು ರೂ. 498. ಗೋದಾಮು ಬಾಡಿಗೆ, ವಿಮೆ ಇನ್ನೂ ಸೇರಿಲ್ಲ. ರೂ. 100ರ ಸರಕನ್ನು ರೂ. 400ಕ್ಕೆ ಮಾರಿದವರು ನಾಲ್ಕು ಪಟ್ಟು ಲಾಭವೆಂದು ಹಿಗ್ಗಬಹುದು. ವಾಸ್ತವದಲ್ಲಿ ಅದು ನಷ್ಟ.

ಲೆಕ್ಕಪತ್ರದಲ್ಲಿ ಹೇಗೆ?

ಲೆಕ್ಕಪತ್ರ ಮಾನಕ 2ರ ಪ್ರಕಾರ ದಾಸ್ತಾನನ್ನು ವೆಚ್ಚ ಅಥವಾ ನಿವ್ವಳ ಮಾರಾಟ ಮೌಲ್ಯ, ಇವೆರಡರಲ್ಲಿ ಕಡಿಮೆಯಾದುದಕ್ಕೆ ತೋರಿಸಬೇಕು. ಹಳೆಯದಾದಂತೆ ಪೇಟೆಯ ಬೆಲೆ ಏರಿದರೂ, ಮಾರಾಟವಾಗುವ ಮುನ್ನ ಆ ಲಾಭವನ್ನು ಪುಸ್ತಕದಲ್ಲಿ ಬರೆಯುವಂತಿಲ್ಲ. ಆವಿಯಾಗುವಿಕೆಯಂತಹ ಸಹಜ ನಷ್ಟವು ಉಳಿದ ಸರಕಿನ ವೆಚ್ಚದಲ್ಲಿಯೇ ಸೇರುತ್ತದೆ. ಪೀಪಾಯಿ ಒಡೆದು ಸೋರಿದರೆ ಅದು ಅಸಹಜ ನಷ್ಟ. ಅದನ್ನು ಆಯಾ ವರ್ಷದ ಲಾಭ-ನಷ್ಟ ಖಾತೆಗೆ ಬರೆಯಬೇಕು.

ಬಡ್ಡಿಯನ್ನು ಸಾಮಾನ್ಯವಾಗಿ ದಾಸ್ತಾನಿನ ವೆಚ್ಚಕ್ಕೆ ಸೇರಿಸುವುದಿಲ್ಲ. ಆದರೆ ಮಾರಾಟಯೋಗ್ಯವಾಗಲು ದೀರ್ಘಾವಧಿ ಅಗತ್ಯವಾದ ಸರಕಿಗೆ ಮಾನಕ 16 ವಿನಾಯಿತಿ ನೀಡುತ್ತದೆ. ಈ ಅವಧಿ ಸಾಮಾನ್ಯವಾಗಿ 12 ತಿಂಗಳು. ಮಾಗುವ ಮದ್ಯ ಇದಕ್ಕೆ ತಕ್ಕ ನಿದರ್ಶನ. ಇಲ್ಲಿ ಒಂದು ಎಚ್ಚರಿಕೆ: ಕೊಂಡಾಗಲೇ ಮಾರಾಟಕ್ಕೆ ಸಿದ್ಧವಿದ್ದ ಸರಕನ್ನು, ಬೆಲೆ ಏರಲೆಂದು ಇಟ್ಟುಕೊಂಡವರಿಗೆ ಈ ವಿನಾಯಿತಿ ಇಲ್ಲ. ಸ್ವಂತ ಬಂಡವಾಳದ ಮೇಲಿನ ಕಾಲ್ಪನಿಕ ಬಡ್ಡಿಯನ್ನೂ ಪುಸ್ತಕಕ್ಕೆ ತರುವಂತಿಲ್ಲ. ಬೆಲೆ ನಿಗದಿಪಡಿಸುವಾಗ ಮಾತ್ರ ಅದನ್ನು ತಪ್ಪದೆ ಗಣಿಸಬೇಕು.

ನಮ್ಮ ಸದಸ್ಯರಿಗೆ

ಹಳೆಯ ಅಕ್ಕಿ, ಒಣಗಲು ಬಿಟ್ಟ ಮರ, ದಾಸ್ತಾನಿಟ್ಟ ಅಡಿಕೆ, ಇವೆಲ್ಲಕ್ಕೂ ಬೆಲೆ ನಿಗದಿಯ ತತ್ತ್ವ ಒಂದೇ. ಆದುದರಿಂದ ಮೂರು ಅಭ್ಯಾಸಗಳನ್ನು ರೂಢಿಸಿಕೊಳ್ಳುವುದು ಸೂಕ್ತ. ಮೊದಲನೆಯದು, ಪ್ರತಿವರ್ಷ ತೂಕ ಅಥವಾ ಅಳತೆ ಮಾಡಿ ಸಹಜ ನಷ್ಟದ ಪ್ರಮಾಣವನ್ನು ದಾಖಲಿಸುವುದು. ಎರಡನೆಯದು, ಇಟ್ಟ ಪ್ರಮಾಣಕ್ಕಲ್ಲದೆ ಉಳಿದ ಪ್ರಮಾಣಕ್ಕೆ ದರ ಕಟ್ಟುವುದು. ಮೂರನೆಯದು, ಇನ್ನೊಂದು ವರ್ಷ ಇಡುವ ಮುನ್ನ, ನಿರೀಕ್ಷಿತ ಬೆಲೆ ಏರಿಕೆಯು ಬಡ್ಡಿ ಮತ್ತು ನಷ್ಟ ಎರಡನ್ನೂ ಮೀರುವುದೇ ಎಂದು ಪರಿಶೀಲಿಸುವುದು. ಮೇಲಿನ ಉದಾಹರಣೆಯಲ್ಲಿ ಇದಕ್ಕಾಗಿ ಬೆಲೆಯು ವರ್ಷಕ್ಕೆ ಶೇ. 22ಕ್ಕಿಂತ ಹೆಚ್ಚು ಏರಬೇಕಾಗುತ್ತದೆ. ಅಷ್ಟು ಏರುವ ಭರವಸೆ ಇಲ್ಲದಿದ್ದರೆ, ಇಂದೇ ಮಾರುವುದು ಜಾಣತನ.