ಕ್ಷಯದ ಔಷಧದ ಆರು ತಿಂಗಳು: ಮನೆಯೊಳಗಿನ ಆರೈಕೆ



ಭತ್ತದ ಬೀಜ, ಗೊಬ್ಬರ, ಕಾಜೂ ಗಿಡದ ಕೀಟ ಇವುಗಳ ವಿಷಯ ಹೇಳುವವನು ಇಂದು ರೋಗದ ಮಾತು ಯಾಕೆ ತೆಗೆದ ಎಂದು ನೀವು ಕೇಳಬಹುದು. ನಾನು ಡಾಕ್ಟರನಲ್ಲ. ಕೃಷಿ ಡಿಪ್ಲೊಮಾ ಮುಗಿಸಿ ಹಳ್ಳಿ ತಿರುಗುವ ವಿಸ್ತರಣಾಧಿಕಾರಿ. ಆದರೆ ಬಿತ್ತನೆಯ ಹೊತ್ತಿಗೆ ಒಂದು ಹೊಲ ಬೀಳು ಬಿದ್ದಿದ್ದರೆ, ಅದರ ಕಾರಣ ಎಷ್ಟೋ ಸಲ ಹೊಲದಲ್ಲಿರುವದಿಲ್ಲ, ಮನೆಯೊಳಗಿರುತ್ತದೆ.

ಕಳೆದ ವರ್ಷ ಜೂನ್ ತಿಂಗಳಲ್ಲಿ ಖಾನಾಪುರ ತಾಲೂಕಿನ ಒಂದು ಊರಿಗೆ ಹೋಗಿದ್ದೆ. ಊರಿನ ಹೆಸರು ಹೇಳುವದಿಲ್ಲ. ಹೇಳಿದರೆ ಮನುಷ್ಯ ಗುರುತಾಗುತ್ತಾನೆ. ಸುತ್ತಲಿನವರೆಲ್ಲ ಕೂರಿಗೆ ಹೂಡಿ ಭತ್ತ ಬಿತ್ತಿದ್ದರು. ನಡುವೆ ಒಂದು ಹೊಲ ಹಾಗೆಯೇ ಇತ್ತು. ಮನೆಗೆ ಹೋಗಿ ಅಂಗಳದಲ್ಲಿ ನಿಂತು ಕೇಳಿದೆ. ಹಿರಿಯ ಅಣ್ಣನಿಗೆ ಕ್ಷಯ ಆಗಿದೆ, ಮಾರ್ಚಿನಿಂದ ಗುಳಿಗೆ ನಡೆದಿವೆ ಎಂದು ತಮ್ಮ ಹೇಳಿದ. ನಾನು ದೊಡ್ಡ ದನಿಯಲ್ಲಿ, “ಹಂಗಾದ್ರ ಅವರ ಪಾಲಿನ ಹೊಲಾ ಲಾವಣಿಗೆ ಕೊಟ್ಟಬಿಡ್ರಿ. ಅವರ ಕಡಿಂದ ಇನ್ನ ಒಕ್ಕಲತನ ಆಗೂದಿಲ್ಲ” ಎಂದೆ. ದನದ ಕೊಟ್ಟಿಗೆಯ ಪಕ್ಕದ ಕೋಣೆಯೊಳಗೆ ಚರಿಗೆ ಉರುಳಿದ ಸಪ್ಪಳವಾಯಿತು. ಆ ಮನುಷ್ಯ ಅಲ್ಲಿಯೇ ಇದ್ದ, ನನ್ನ ಮಾತನ್ನೆಲ್ಲ ಕೇಳಿದ್ದ. ಬೀಜೋಪಚಾರದ ಬಗ್ಗೆ ತಿಳಿಯದೆ ಮಾತಾಡುವವರನ್ನು ನಾನು ಬಯ್ಯುತ್ತೇನೆ. ಆ ದಿನ ನಾನೇ ತಿಳಿಯದೆ ಮಾತಾಡಿದೆ.

ಒಳಗೆ ಹೋದೆ. ಒಂದು ಹೊರಸು, ಒಂದು ಬೇರೆ ತಾಟು, ಒಂದು ಬೇರೆ ಚರಿಗೆ. ಮಳೆಯ ಇರಚಲು ಬಾರದಂತೆ ಕಿಟಕಿಗೆ ಗೋಣಿತಟ್ಟು, ಪ್ಲಾಸ್ಟಿಕ್ ತುರುಕಿದ್ದರು. ಮಧ್ಯಾಹ್ನವೇ ಕತ್ತಲೆ.

“ಹೆಂಗದೀರಿ ಕಾಕಾ?” ಎಂದೆ.

“ಹೆಂಗಿರೂದ್ರೀ ಸಾಹೇಬ್ರ. ಗ್ವಾಡಿ ನೋಡೂದು, ದನಾ ನೋಡೂದು. ದನಾ ಆದ್ರೂ ಹೊಳ್ಳಿ ನೋಡತಾವ.”

ಮಾತು ಬೆಳೆದಂತೆ ಇನ್ನೊಂದು ಸಂಗತಿ ಹೊರಬಿತ್ತು. ಎಂಟು ದಿನದಿಂದ ಅವರು ಗುಳಿಗೆ ಬಿಟ್ಟಿದ್ದರು. “ಕೆಮ್ಮ ನಿಂತೈತಿ. ಇನ್ ಯಾಕ ನುಂಗೂದು? ಯಾರಿಗೆ ಬೇಕಾಗೇನಿ ನಾ?” ಎಂದರು. ಈ ಎರಡು ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ದವಾಖಾನೆಯವರು ಉತ್ತರ ಕೊಡಬಲ್ಲರು. ಎರಡನೆಯದಕ್ಕೆ ಮನೆಯವರು, ಓಣಿಯವರು ಕೊಡಬೇಕು.

ಮೊದಲನೆಯದನ್ನು ಒಕ್ಕಲಿಗರ ಮಾತಿನಲ್ಲಿ ಹೇಳುತ್ತೇನೆ. ಹೊಲದಲ್ಲಿ ಕರಿಕೆ ಬಂದಿದೆಯೆನ್ನಿರಿ. ಮೇಲೆ ಕುಡುಗೋಲು ಆಡಿಸಿದರೆ ಹೊಲ ಸ್ವಚ್ಛ ಕಾಣುತ್ತದೆ. ಬೇರು ಒಳಗೆ ಉಳಿದಿರುತ್ತದೆ. ಕ್ಷಯದ ರೋಗಾಣುವೂ ಹಾಗೆಯೇ. ಸಾಮಾನ್ಯ ಕ್ಷಯಕ್ಕೆ ಮೊದಲ ಎರಡು ತಿಂಗಳು ನಾಲ್ಕು ಔಷಧ, ಮುಂದಿನ ನಾಲ್ಕು ತಿಂಗಳು ಮೂರು ಔಷಧ, ದಿನಾಲು. ಮೊದಲ ಕೆಲವು ವಾರಗಳಲ್ಲಿ ಬಹಳಷ್ಟು ರೋಗಾಣು ಸಾಯುತ್ತವೆ. ಜ್ವರ, ಕೆಮ್ಮು ಇಳಿಯುತ್ತವೆ, ಹಸಿವೆ ಬರುತ್ತದೆ. ಆದರೆ ನಿದ್ದೆ ಹೋದಂತೆ ಬಿದ್ದುಕೊಂಡಿರುವ ಕೆಲವು ಉಳಿದಿರುತ್ತವೆ. ಅವುಗಳ ಸಲುವಾಗಿಯೇ ಉಳಿದ ತಿಂಗಳುಗಳ ಔಷಧ. ಅರ್ಧಮರ್ಧ ಔಷಧ ಹೊಡೆದ ಹೊಲದಲ್ಲಿ ಕೀಟ ಔಷಧಕ್ಕೇ ಒಗ್ಗಿಕೊಳ್ಳುವದನ್ನು ನೀವು ಕಂಡಿದ್ದೀರಿ. ಇಲ್ಲಿಯೂ ಅದೇ ಆಗುತ್ತದೆ. ಹಾಗೆ ಒಗ್ಗಿಕೊಂಡ ಕ್ಷಯಕ್ಕೆ ಬೇರೆ ಔಷಧ ಬೇಕು, ಚಿಕಿತ್ಸೆಯೂ ಕಠಿಣ.

ಇನ್ನು ಕೊಟ್ಟಿಗೆಯ ಕೋಣೆಯ ಮಾತು. ಹಿಂದಿನ ಕಾಲದಲ್ಲಿ ಕ್ಷಯವಾದವರನ್ನು ಮನೆಯಿಂದ ದೂರ ಇಡುತ್ತಿದ್ದರು. ಉಳ್ಳವರು ಮಿರಜಿನ ಹತ್ತಿರದ ವಾನ್ಲೆಸ್‌ವಾಡಿಗೋ ಮೈಸೂರಿನ ಕ್ಷಯರೋಗ ಆಸ್ಪತ್ರೆಗೋ ಹೋಗಿ ತಿಂಗಳುಗಟ್ಟಲೆ ಇರುತ್ತಿದ್ದರು. ಬಡವರಿಗೆ ಎಲ್ಲಿಯೂ ಜಾಗವಿರುತ್ತಿರಲಿಲ್ಲ. 1956ರಲ್ಲಿ ಮದ್ರಾಸಿನಲ್ಲಿ ಒಂದು ದೊಡ್ಡ ಪರೀಕ್ಷೆ ಆರಂಭವಾಯಿತು. ಬಡ ಓಣಿಗಳ ರೋಗಿಗಳಲ್ಲಿ ಅರ್ಧ ಜನರನ್ನು ಆಸ್ಪತ್ರೆಯಲ್ಲಿಟ್ಟು, ಅರ್ಧ ಜನರನ್ನು ಅವರವರ ಇಕ್ಕಟ್ಟಾದ ಮನೆಗಳಲ್ಲಿಯೇ ಇರಿಸಿ ಒಂದೇ ಔಷಧವನ್ನು ಒಂದು ವರ್ಷ ಕೊಟ್ಟರು. 1959ರಲ್ಲಿ ಫಲಿತಾಂಶ ಪ್ರಕಟವಾಯಿತು. ಮನೆಯಲ್ಲಿದ್ದವರು ಆಸ್ಪತ್ರೆಯವರಂತೆಯೇ ಗುಣವಾಗಿದ್ದರು; ಅವರ ಮನೆಯವರಿಗೆ ರೋಗ ಹೆಚ್ಚಾಗಿ ತಗಲಿರಲಿಲ್ಲ. ಜಗತ್ತಿನ ಕ್ಷಯ ಚಿಕಿತ್ಸೆಯ ದಾರಿಯೇ ಇದರಿಂದ ಬದಲಾಯಿತು. 1960ರಲ್ಲಿ ಪಂಡಿತ ನೆಹರೂ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯನ್ನು ಉದ್ಘಾಟಿಸಿದರು; 1962ರಲ್ಲಿ ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮ ಬಂತು. ಅಂದಿನಿಂದ ಹೆಚ್ಚಿನವರ ಚಿಕಿತ್ಸೆ ಮನೆಯಲ್ಲಿಯೇ ನಡೆಯುತ್ತ ಬಂದಿದೆ.

ರೋಗ ಹರಡುವದು ಕೆಮ್ಮಿದಾಗ ಗಾಳಿಯಲ್ಲಿ ಹಾರುವ ಸೂಕ್ಷ್ಮ ಹನಿಗಳಿಂದ. ತಾಟಿನಿಂದಲ್ಲ, ಚರಿಗೆಯಿಂದಲ್ಲ, ಹಾಸಿಗೆ ಬಟ್ಟೆಯಿಂದಲ್ಲ. ಔಷಧಕ್ಕೆ ಬಗ್ಗುವ ಕ್ಷಯವಾಗಿದ್ದರೆ, ಸರಿಯಾಗಿ ಗುಳಿಗೆ ತೆಗೆದುಕೊಂಡ ಸುಮಾರು ಎರಡು ವಾರದಲ್ಲಿ ಹರಡುವ ಶಕ್ತಿ ಬಹಳ ಕುಗ್ಗುತ್ತದೆ. ಅಲ್ಲಿಯ ತನಕ ಬೇರೆ ಮಲಗುವದು, ಬಾಯಿಗೆ ಬಟ್ಟೆ ಕಟ್ಟುವದು, ಸಣ್ಣ ಮಕ್ಕಳನ್ನು ತೀರ ಹತ್ತಿರ ಬಿಡದಿರುವದು ಸರಿ. ಆಮೇಲೆ ಎಷ್ಟು ಜಾಗ್ರತೆ ಬೇಕೆಂದು ದವಾಖಾನೆಯವರನ್ನೇ ಕೇಳಿರಿ. ಈ ಕಾಕಾನಿಗಂತೂ ಮೂರು ತಿಂಗಳಾಗಿತ್ತು. ಕಫದ ಪರೀಕ್ಷೆಯಲ್ಲಿ ರೋಗಾಣು ಕಂಡಿರಲಿಲ್ಲ. ಅವರು ಕೊಟ್ಟಿಗೆಯ ಪಕ್ಕದಲ್ಲಿ ಮಲಗಲಿಕ್ಕೆ ಮನೆಯವರ ಹೆದರಿಕೆಯ ಹೊರತು ಬೇರೆ ಕಾರಣವೇ ಉಳಿದಿರಲಿಲ್ಲ. ಕೆಟ್ಟ ಮನಸ್ಸಿನವರಲ್ಲ ಅವರು, ಯಾರೂ ಬಿಡಿಸಿ ಹೇಳಿರಲಿಲ್ಲ, ಅಷ್ಟೆ.

ಮರುದಿನವೇ ಅಣ್ಣತಮ್ಮರಿಬ್ಬರೂ ಖಾನಾಪುರದ ಸರಕಾರಿ ದವಾಖಾನೆಗೆ ಹೋದರು. ಡಾಕ್ಟರು ಬಯ್ಯಲಿಲ್ಲ. ಮತ್ತೆ ಕಫ ಪರೀಕ್ಷಿಸಿ ಔಷಧ ಮುಂದುವರಿಸಿದರು. ತಪ್ಪಿದ ದಿನಗಳನ್ನು ಕೊನೆಗೆ ಸೇರಿಸಿದರು. ನಿಮ್ಮಲ್ಲಿ ಯಾರಾದರೂ ಗುಳಿಗೆ ಬಿಟ್ಟಿದ್ದರೆ ನಾಚಿಕೆಪಟ್ಟು ಮನೆಯಲ್ಲಿ ಕೂಡ್ರಬೇಡಿರಿ, ಹೋಗಿ ಹೇಳಿರಿ. ನೀವಾಗಿ ಮತ್ತೆ ಶುರು ಮಾಡುವದೂ ಬೇಡ.

ಈಗ ಸಣ್ಣ ಸುಖಗಳ ಮಾತಿಗೆ ಬರೋಣ. ಹಣವಿದ್ದರೆ ಆಗುವಂಥವಲ್ಲ ಇವು.

ನಮ್ಮ ಖಾನಾಪುರದ ಮಳೆ ನಿಮಗೆ ಗೊತ್ತೇ ಇದೆ. ನಾಲ್ಕು ತಿಂಗಳು ಸೂರ್ಯ ಕಾಣುವದು ಅಪರೂಪ. ಕಿಟಕಿ ಮುಚ್ಚಿದರೆ ಗಾಳಿಯಿಲ್ಲ, ತೆರೆದರೆ ಹಾಸಿಗೆ ತೊಯ್ಯುತ್ತದೆ. ಆ ಮನೆಯವರು ಮಾಡಿದ್ದೇನೆಂದರೆ, ಕಾಕಾನ ಹೊರಸನ್ನು ಪಡಸಾಲೆಗೆ ತಂದರು. ಕಿಟಕಿಯ ಮೇಲೆ ಹೊರಗಿನಿಂದ ಒಂದು ತಗಡಿನ ಚಾಚು ಇಳಿಬಿಟ್ಟು ಗೋಣಿತಟ್ಟು ಕಿತ್ತರು. ಮಾಡಿನ ಒಂದು ಹಂಚು ತೆಗೆದು ಅಲ್ಲಿ ಗಾಜಿನ ಹಂಚು ಹೊಂದಿಸಿದರು. ಹಂಚಿಗೆ ಹೆಸರಾದ ತಾಲೂಕು ನಮ್ಮದು. ಒಂದು ಗಾಜಿನ ಹಂಚಿಗೆ ಬಹಳ ಖರ್ಚಿಲ್ಲ. ಗಾಳಿಯಾಡುವ, ಬೆಳಕಿರುವ ಕೋಣೆಯಲ್ಲಿ ಕ್ಷಯ ಹರಡುವದೂ ಕಡಿಮೆ. ಆದರೆ ಕಾಕಾ ಹೇಳಿದ್ದು ಬೇರೆ: “ಈಗ ಹೊತ್ತ ಎಷ್ಟಾತು ತಿಳೀತೈತ್ರಿ.” ಬೆಳಕಿನ ಚೌಕ ನೆಲದ ಮೇಲೆ ಸರಿಯುವದನ್ನು ನೋಡಿ ಹೊತ್ತು ಅಳೆಯುತ್ತಿದ್ದರು. ಒಲೆಯ ಹೊಗೆ ಮಾತ್ರ ಆ ಕಡೆ ಸುಳಿಯಬಾರದು. ಬೀಡಿ, ತಂಬಾಕು, ಸೆರೆ ಪೂರ್ತಿ ಬಿಡಬೇಕು. ಪಕ್ಕದಲ್ಲಿ ಕುಳಿತವರೂ ಬೀಡಿ ಹಚ್ಚಬಾರದು.

ಊಟದ ವಿಷಯ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಪಥ್ಯದ ಹೆಸರಿನಲ್ಲಿ ರೋಗಿಯನ್ನು ಉಪವಾಸ ಕೆಡವುವವರನ್ನು ಬಹಳ ನೋಡಿದ್ದೇನೆ. ತತ್ತಿ ಉಷ್ಣ, ಮೊಸರು ಕಫ, ಶೇಂಗಾ ಪಿತ್ತ ಎಂದು ಒಂದೊಂದಾಗಿ ತೆಗೆದರೆ ತಾಟಿನಲ್ಲಿ ಉಳಿಯುವದು ತಿಳಿಗಂಜಿ ಮಾತ್ರ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಇವರು ಸಂಗಡಿಗರೊಡನೆ 2019ರಿಂದ ಝಾರ್ಖಂಡದ ನಾಲ್ಕು ಜಿಲ್ಲೆಗಳಲ್ಲಿ 2,800 ಕ್ಷಯರೋಗಿಗಳಿಗೆ ತಿಂಗಳ ಆಹಾರದ ಬುಟ್ಟಿ ಕೊಟ್ಟು ನೋಡಿದರು. ಅರ್ಧದಷ್ಟು ಕುಟುಂಬಗಳಲ್ಲಿ ಮನೆಮಂದಿಗೂ ತಲೆಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ತೊಗರಿಬೇಳೆ ಕೊಟ್ಟರು. 2023ರಲ್ಲಿ ಬಂದ ಫಲಿತಾಂಶದ ಪ್ರಕಾರ, ಹಾಗೆ ಕಾಳುಕಡಿ ಸಿಕ್ಕ ಮನೆಮಂದಿಯಲ್ಲಿ ಹೊಸದಾಗಿ ಕ್ಷಯ ಬರುವದು ಸುಮಾರು ನೂರಕ್ಕೆ 40ರಷ್ಟು ತಗ್ಗಿತು. ಮೊದಲ ಎರಡು ತಿಂಗಳಲ್ಲಿ ತೂಕ ಏರಿದ ರೋಗಿಗಳಲ್ಲಿ ಸಾವು ಬಹಳ ಕಡಿಮೆ ಇತ್ತು. ಅಕ್ಕಿ, ಬೇಳೆ, ಹುರಿಗಡಲೆ, ಎಣ್ಣೆ, ಹಾಲಿನ ಪುಡಿ, ಇವೇ ಆ ಬುಟ್ಟಿಯ ಮುಖ್ಯ ಪದಾರ್ಥಗಳು. ನಮ್ಮ ಮನೆಗಳಲ್ಲಿ ಇಲ್ಲದ್ದು ಯಾವುದು? ಹೆಸರುಕಾಳು, ಹುರುಳಿ, ಶೇಂಗಾ ಹಿಂಡಿ, ನುಗ್ಗೆಸೊಪ್ಪು, ಮಜ್ಜಿಗೆ, ತತ್ತಿ, ಬಾಳೆಹಣ್ಣು ಎಲ್ಲವೂ ಆಗುತ್ತವೆ. ಹಾಲನ್ನು ಮಾತ್ರ ಕಾಯಿಸಿಯೇ ಕುಡಿಯಿರಿ. ದನಕ್ಕೂ ಕ್ಷಯವಿರುತ್ತದೆ, ಹಸಿ ಹಾಲಿನಿಂದ ಮನುಷ್ಯನಿಗೆ ಬರಬಹುದು. ಒಮ್ಮೆಲೇ ಎರಡು ರೊಟ್ಟಿ ಇಳಿಯದಿದ್ದರೆ ಅರ್ಧರ್ಧ ರೊಟ್ಟಿಯಂತೆ ನಾಲ್ಕು ಸಲ ಕೊಡಿರಿ. ಪಂಕ್ತಿಯಲ್ಲಿ ಕೂಡ್ರಿಸಿ ಬಡಿಸಿದರೆ ಒಬ್ಬನೇ ಉಣ್ಣುವವನಿಗಿಂತ ಒಂದು ತುತ್ತು ಹೆಚ್ಚು ಹೋಗುತ್ತದೆ, ಇದಕ್ಕೆ ಯಾವ ಪರೀಕ್ಷೆಯೂ ಬೇಕಿಲ್ಲ. ಪೌಷ್ಟಿಕ ಆಹಾರಕ್ಕೆಂದು ಸರಕಾರದ ನಿಕ್ಷಯ ಪೋಷಣ ಯೋಜನೆ 2018ರಿಂದ ಇದೆ. ಮೊದಲು ತಿಂಗಳಿಗೆ 500 ರೂಪಾಯಿ ಇತ್ತು, 2024ರ ನವೆಂಬರಿನಿಂದ 1,000 ಮಾಡಿದ್ದಾರೆ. ಬ್ಯಾಂಕಿನ ಪುಸ್ತಕ ಒಯ್ದು ಹೆಸರು ಬರೆಸಿರಿ.

ಗುಳಿಗೆಗಳ ಕಾಟವೂ ಉಂಟು. ಮೂತ್ರ ಕೇಸರಿ ಬಣ್ಣವಾಗುತ್ತದೆ. ಅದು ಔಷಧದ ಬಣ್ಣ, ರಕ್ತವಲ್ಲ. ಇದನ್ನು ಮೊದಲೇ ಹೇಳದಿದ್ದರೆ ಅಂಜಿ ಬಿಟ್ಟುಬಿಡುತ್ತಾರೆ. ಓಕರಿಕೆ ಬರುತ್ತಿದ್ದರೆ ಸ್ವಲ್ಪ ಏನಾದರೂ ತಿಂದು ತೆಗೆದುಕೊಳ್ಳಬಹುದೋ ಎಂದು ಕೇಳಿರಿ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ದೃಷ್ಟಿ ಮಸುಕಾದರೆ ಅದೇ ದಿನ ದವಾಖಾನೆಗೆ ಹೋಗಿರಿ. ಅಂಗಾಲು ಜೋಮು ಹಿಡಿದಂತಾದರೆ ಅದಕ್ಕೂ ಗುಳಿಗೆಯಿದೆ. ಸಕ್ಕರೆ ರೋಗವಿದೆಯೋ ಎಂದು ನೋಡಿಸಿರಿ. ಗುಳಿಗೆಯ ಹೊತ್ತು ಮರೆಯದಂತೆ ಆ ಮನೆಯಲ್ಲಿ ಹಾಲು ಹಿಂಡುವ ಹೊತ್ತಿಗೆ ಕಟ್ಟಿಹಾಕಿದ್ದರು. ಎಮ್ಮೆ ಕರೆಯದಿದ್ದರೆ ಅದೇ ಕೂಗಿ ನೆನಪು ಮಾಡುತ್ತಿತ್ತು.

ಇನ್ನು “ಯಾರಿಗೆ ಬೇಕಾಗೇನಿ” ಎಂಬ ಮಾತು. ಒಕ್ಕಲಿಗನಿಗೆ ಕೆಲಸ ತಪ್ಪಿದರೆ ಅರ್ಧ ಜೀವ ಹೋದಂತೆ. ನೇಗಿಲು ಹಿಡಿಯುವದು, ಮೂಟೆ ಹೊರುವದು, ತೂರುವದು ಬೇಡವೇ ಬೇಡ. ದೂಳು ಎದೆಗೆ ಒಳ್ಳೆಯದಲ್ಲ. ಆದರೆ ಕೂತು ಮಾಡುವ ಕೆಲಸ ಎಷ್ಟಿಲ್ಲ! ಶೇಂಗಾ ಬೀಜ ಆರಿಸುವದು, ಹಗ್ಗ ಹೊಸೆಯುವದು, ಆಳುಗಳ ಲೆಕ್ಕ ಬರೆಯುವದು. ಕಾಕಾನಿಗೆ ನಾನು ಒಂದು ವಹಿ ಕೊಟ್ಟೆ: ದಿನದ ಮಳೆ, ಯಾವ ಹೊಲದಲ್ಲಿ ಯಾವ ಕೀಟ ಕಂಡಿತು, ಯಾರು ಎಂದು ಬಿತ್ತಿದರು, ಎಲ್ಲ ಬರೆದಿಡಬೇಕು. ಸುದ್ದಿ ಹೇಳಲಿಕ್ಕೆ ಓಣಿಯವರು ಬರಲೇಬೇಕಾಯಿತು. ಮೊದಲು ಕಟ್ಟೆಯ ಕೆಳಗೆ ನಿಂತು ಹೇಳಿ ಹೋಗುತ್ತಿದ್ದವರು ಜುಲೈ ಹೊತ್ತಿಗೆ ಮೇಲೆ ಬಂದು ಕೂಡ್ರಹತ್ತಿದರು. ಹೊಲವನ್ನು ಲಾವಣಿಗೆ ಕೊಡಲಿಲ್ಲ. ನಾಲ್ಕು ಮನೆಯವರು ಮುಯ್ಯಾಳಿನ ಮೇಲೆ ಬಿತ್ತಿಕೊಟ್ಟರು. ತಡವಾಗಿತ್ತು, ಇಳುವರಿ ಕಡಿಮೆ ಬಂತು, ಸುಳ್ಳು ಹೇಳುವದಿಲ್ಲ.

ರೇಡಿಯೋ ಕೂಡ ಒಂದು ಸಂಗಾತಿ. 1956ರಲ್ಲಿ ಪುಣೆಯ ಆಕಾಶವಾಣಿ 150 ಹಳ್ಳಿಗಳಲ್ಲಿ ರೈತರ ಗುಂಪು ಕಟ್ಟಿಸಿ, ಕೃಷಿ ಕಾರ್ಯಕ್ರಮ ಕೇಳಿ ಕೂಡಿ ಚರ್ಚಿಸುವ ರೂಢಿ ಹಾಕಿತ್ತು. ಅದೇ ಉಪಾಯ ಇಲ್ಲಿಯೂ ನಡೆಯುತ್ತದೆ. ರೇಡಿಯೋವನ್ನು ರೋಗಿಯ ಹೊರಸಿನ ಬದಿಗೆ ಇಡಿರಿ, ಉಳಿದವರು ಅಲ್ಲಿಗೇ ಬಂದು ಕೇಳಿರಿ. ಮೊಬೈಲು ಇದ್ದವರು ದೂರದ ಮಗಳಿಗೋ ಮಗನಿಗೋ ದಿನಾಲು ಒಂದೇ ಹೊತ್ತಿಗೆ ಮಾತಾಡಿಸಿರಿ. “ಆರಾಮದಿಯೇನು?” ಎಂದು ಕೇಳಿ ಮುಗಿಸಬಾರದು; ಎಮ್ಮೆ ಎಷ್ಟು ಹಾಲು ಕೊಟ್ಟಿತು, ಮೊಮ್ಮಗ ಸಾಲೆಯಲ್ಲಿ ಏನು ಜಗಳ ಮಾಡಿದ ಎಂಬುದನ್ನೂ ಹೇಳಬೇಕು.

ತಾಯಂದಿರ ಪಾಡು ಇನ್ನೂ ಕಷ್ಟ. ಗಂಡಸಿಗೆ ಕ್ಷಯವಾದರೆ ಹೆಂಡತಿ ಆರೈಕೆ ಮಾಡುತ್ತಾಳೆ. ಸೊಸೆಗೆ ಆದರೆ ತವರಿಗೆ ಕಳಿಸುತ್ತಾರೆ, ಮಗುವನ್ನು ಇಟ್ಟುಕೊಂಡು. ಎಷ್ಟೋ ಹೆಣ್ಣುಮಕ್ಕಳು ಗುಳಿಗೆಯನ್ನು ಅಕ್ಕಿಯ ಡಬ್ಬಿಯಲ್ಲಿ ಬಚ್ಚಿಟ್ಟು ನುಂಗುತ್ತಾರೆ. ಅತ್ತೆಯಂದಿರೇ, ಈ ಮಾತನ್ನು ನಿಮಗೇ ಹೇಳುತ್ತಿದ್ದೇನೆ: ಆರು ತಿಂಗಳು ನೀರು ಸೇದುವದು, ಒಲೆಯ ಮುಂದೆ ಕೂಡ್ರುವದು ಇವೆರಡನ್ನು ಅವಳಿಂದ ತೆಗೆಯಿರಿ. ಕೂಸಿಗೆ ಮೊಲೆಹಾಲು ಬಿಡಿಸಬೇಕಿಲ್ಲ. ಬಾಯಿಗೆ ಬಟ್ಟೆ ಕಟ್ಟಿಕೊಂಡು ಕುಡಿಸಬಹುದು. ಕೂಸನ್ನು ಡಾಕ್ಟರಿಗೆ ತೋರಿಸಿರಿ. ಮನೆಯ ಉಳಿದವರಿಗೂ ರೋಗ ಬಾರದಂತೆ ತಡೆಯುವ ಗುಳಿಗೆ ಇದೆ, ಪರೀಕ್ಷಿಸಿ ಕೊಡುತ್ತಾರೆ.

ಕಾಕಾನಿಗೆ ಎದೆಯ ಫೋಟೋ ತೆಗೆಸಲು ಆಗಸ್ಟಿನಲ್ಲಿ ಬೆಳಗಾವಿಯ ಜಿಲ್ಲಾ ಆಸ್ಪತ್ರೆಗೆ ಹೋಗಬೇಕಾಯಿತು. ಅಣ್ಣತಮ್ಮರಿಬ್ಬರೂ ಖಾನಾಪುರದಿಂದ ರೈಲಿನಲ್ಲಿ ಹೋದರು. ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ಕಂಡವರ ಭತ್ತವನ್ನೆಲ್ಲ ಕಾಕಾ ಪರೀಕ್ಷಿಸಿದರಂತೆ. ಬರುವಾಗ ತಮ್ಮ ಕಾಲು ಕಿಲೋ ಕುಂದಾ ಕಟ್ಟಿಸಿಕೊಂಡ. ಮನೆಗೆ ಬಂದು ಅದನ್ನು ಎಲ್ಲರೂ ಒಂದೇ ಪೊಟ್ಟಣದಿಂದ ತಿಂದರು.

ಔಷಧ ಅಕ್ಟೋಬರಿನಲ್ಲಿ ಮುಗಿಯಿತು. ಈ ವರ್ಷ ಬಿತ್ತನೆಗೆ ಮುಂಚೆ ಹೋದಾಗ ಅವರು ಅಂಗಳದಲ್ಲಿ ಉಪ್ಪುನೀರಿನಲ್ಲಿ ಭತ್ತದ ಬೀಜ ಹಾಕಿ ಜೊಳ್ಳು ತೆಗೆಯುತ್ತಿದ್ದರು. ತತ್ತಿ ತೇಲುವಷ್ಟು ಉಪ್ಪು ಹಾಕಿದ್ದೀರಾ ಎಂದು ಕೇಳಿದೆ. “ಹಾಕೇನ್ರಿ, ಆದ್ರ ತತ್ತಿ ತಿಂದಬಿಟ್ಟೆ” ಎಂದರು.

ಎರಡು ವಾರಕ್ಕೂ ಮಿಕ್ಕಿ ಕೆಮ್ಮು, ಸಂಜೆಯ ಜ್ವರ, ತೂಕ ಇಳಿತ, ಕಫದಲ್ಲಿ ರಕ್ತ, ಇವುಗಳಲ್ಲಿ ಯಾವುದಿದ್ದರೂ ಸರಕಾರಿ ದವಾಖಾನೆಯಲ್ಲಿ ಕಫದ ಪರೀಕ್ಷೆ ಪುಕ್ಕಟೆ ಆಗುತ್ತದೆ, ಔಷಧವೂ ಪುಕ್ಕಟೆ. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಡಬ್ಬಿ ತಂದುಕೊಡುತ್ತಾರೆ. ಫೋನಿನಲ್ಲಿ ಕೇಳಬೇಕೆನ್ನುವವರು 1800-11-6666 ಈ ನಂಬರಿಗೆ ಮಾತಾಡಬಹುದು, ಹಣ ಬೀಳುವದಿಲ್ಲ.